ಮೊದಲ ತುತ್ತು

ಈ ಸಂಜೆ ನಾವು ಎತ್ತಿಕೊಂಡಿರುವ ವಿಷಯವನ್ನು ಕೇಳಿ ಕೆಲವು ಶ್ರೋತೃಗಳು ಮುಖ ಸಿಂಡರಿಸಿಕೊಂಡರೆ ಆಶ್ಚರ್ಯವಿಲ್ಲ. ಮನುಷ್ಯನು ತಾನು ಹಿಂದೆಂದೂ ತಿಂದಿರದ ಮಾಂಸವನ್ನೋ, ತಿನ್ನತಕ್ಕದ್ದೆಂದು ಎಣಿಸಿಯೇ ಇರದ ಜೀವಿಯನ್ನೋ ಮೊಟ್ಟಮೊದಲು ಬಾಯಿಗಿಟ್ಟುಕೊಂಡಾಗ ಏನಾಗುತ್ತದೆ ಎಂಬುದೇ ಆ ವಿಷಯ. ರಾತ್ರಿಯ ಊಟ ಇನ್ನೂ ಆಗಿಲ್ಲದವರ ಕ್ಷಮೆಯನ್ನು ಮೊದಲೇ ಬೇಡಿಕೊಳ್ಳುತ್ತೇವೆ. ಸಸ್ಯಾಹಾರಿಗಳಾದ ಮಹನೀಯರು ಇದು ತಮಗೆ ಸಂಬಂಧಪಡದ ಮಾತೆಂದು ಯಂತ್ರದ ಕಿವಿ ಹಿಂಡಿಬಿಡದೆ ಸ್ವಲ್ಪ ತಾಳಬೇಕು. ಏಕೆಂದರೆ ಈ ವಿಷಯವು ನಾಲಗೆಗಿಂತಲೂ ಹೆಚ್ಚಾಗಿ ಮನಸ್ಸಿಗೆ ಸೇರಿದ್ದು.

೧೮೩೩ನೆಯ ಇಸವಿ ಸೆಪ್ಟೆಂಬರು ತಿಂಗಳಲ್ಲಿ ಚಾರ್ಲ್ಸ್ ಡಾರ್ವಿನ್ ಎಂಬ ತರುಣನು ದಕ್ಷಿಣ ಅಮೆರಿಕದ ವಿಶಾಲವಾದ ಹುಲ್ಲುಗಾವಲುಗಳಲ್ಲಿ ಕುದುರೆಯೇರಿ ಸಂಚಾರ ಮಾಡುತ್ತಿದ್ದನು. ಆಗ ಅವನಿಗೆ ೨೪ ವರ್ಷ. ಜೊತೆಯಲ್ಲಿದ್ದವರು ಗೌಚೋಗಳೆಂಬ ಸವಾರರು. ದನಗಳನ್ನು ಹಿಡಿಯುವುದರಲ್ಲಿಯೂ ಕಡಿಯುವುದರಲ್ಲಿಯೂ ನಿಸ್ಸೀಮರು. ಒಂದು ರಾತ್ರಿ ಊಟದ ನಡುವೆ ಯಾರೋ ಆಡಿದ ಮಾತಿನಿಂದ ಡಾರ್ವಿನ್ನನಿಗೆ ತಟ್ಟನೆ ಒಂದು ಭಯ ಹುಟ್ಟಿತು. ಇನ್ನೂ ಹುಟ್ಟದೆ ತಾಯಿಯ ಗರ್ಭದಲ್ಲಿದ್ದ ಕರುವಿನ ಮಾಂಸವನ್ನು ಆ ದೇಶದವರು ಬಲು ಇಷ್ಟಪಟ್ಟು ತಿನ್ನುತ್ತಿದ್ದರು; ತಾನು ತಿನ್ನುತ್ತಿರುವುದು ಅದೇ ಇರಬೇಕೆಂದು ಅವನು ತಲ್ಲಣಿಸಿದನು. ವಿಚಾರಿಸಿದಾಗ ಅದು ಕರುವಲ್ಲ, ಪ್ಯೂಮ ಎಂಬ ಕಾಡುಮೃಗವೆಂದು ತಿಳಿಯಿತು. ನಮ್ಮ ಚಿರತೆಯಷ್ಟು ದೊಡ್ಡದಾದ, ಬೆಕ್ಕಿನ ಜಾತಿಯ ಪ್ರಾಣಿ ಅದು. ಡಾರ್ವಿನ್ನನ ಮನಸ್ಸಿಗೆ ಸಮಾಧಾನವಾಯಿತು. ಮಾಂಸವು ಬಹಳ ಬೆಳ್ಳಗಿದ್ದು ರುಚಿಯಲ್ಲಿ ಥೇಟು ಕರುವಿನ ಮಾಂಸದಂತೆಯೇ ಇತ್ತೆಂದು ಅವನು ತನ್ನ ಪ್ರವಾಸದ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ.

ಈ ಸಂಗತಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ತಟ್ಟೆಯಲ್ಲಿದ್ದ ತುಂಡು ಬದಲಾಗಲಿಲ್ಲ. ನಾಲಗೆಗೆ ತಗುಲಿದ ರುಚಿಯೂ ಬದಲಾಗಲಿಲ್ಲ. ಕರುವಿನಂತಿದ್ದ ರುಚಿಯೇ ಅಸಹ್ಯವನ್ನು ಹುಟ್ಟಿಸಿದ್ದು; ಅದೇ ರುಚಿಯೇ ಪ್ಯೂಮವೆಂಬ ಹೆಸರು ಬಂದ ಕೂಡಲೆ ಮೆಚ್ಚಿಕೆಯಾಯಿತು. ಹೀಗೆ ಒಂದು ಕ್ಷಣದೊಳಗೆ ಉಬ್ಬಳಿಕೆ ಬರಿಸಿ, ಮರುಕ್ಷಣ ಅದನ್ನು ಅಡಗಿಸಿದುದು ಬರಿಯ ಹೆಸರು.

ಡಾರ್ವಿನ್ನನು ಈ ವಿಷಯದಲ್ಲಿ ಪಳಗಿದವನೇ. ಕೇಂಬ್ರಿಡ್ಜಿನಲ್ಲಿ ಓದುತ್ತಿದ್ದಾಗ ಅವನೂ ಅವನ ಗೆಳೆಯರೂ ಸೇರಿ ಭೋಜನ ಸಂಘವೊಂದನ್ನು ಕಟ್ಟಿಕೊಂಡಿದ್ದರು. ಯಾರೂ ತಿನ್ನದ ಪಕ್ಷಿ ಮೃಗಗಳನ್ನು ತಿನ್ನುವುದೇ ಅದರ ವ್ರತ. ಗಿಡುಗ, ಜೌಗುನೆಲದ ಬಕಪಕ್ಷಿ ಮುಂತಾದುವೆಲ್ಲ ಮುಗಿದ ಮೇಲೆ ಒಂದು ಮುದಿ ಗೂಬೆಯನ್ನು ಬೇಯಿಸಿದರು. ಆ ಗೂಬೆಯೊಡನೆ ಸಂಘವೂ ಮುಗಿಯಿತು. ಅದರ ರುಚಿಯನ್ನು ವರ್ಣಿಸಲು ಅವರಿಗೆ ಪದವೇ ದೊರೆಯಲಿಲ್ಲವಂತೆ. ನಾಲಗೆಗೆ ಯಾವ ಅಭಿಪ್ರಾಯವೂ ಇಲ್ಲವೆಂದು ನಾವು ವಾದಿಸುತ್ತಿಲ್ಲವೆಂಬುದಕ್ಕೆ ಈ ಗೂಬೆಯೇ ಸಾಕ್ಷಿ.

ಮುಂದೆ ೧೮೩೪ರಲ್ಲಿ ಪ್ಯಾಟಗೋನಿಯ ಪ್ರಾಂತದಲ್ಲಿ ಅವನ ಹಡಗಿನ ಚಿತ್ರಕಾರನು ಉಷ್ಟ್ರಪಕ್ಷಿಯಂಥ ಹಕ್ಕಿಯೊಂದನ್ನು ಹೊಡೆದು ತಂದನು. ಎಳೆಯ ಹಕ್ಕಿಯೆಂದು ಬಗೆದು ಅದನ್ನು ಬೇಯಿಸಿ ತಿಂದದ್ದಾಯಿತು. ಆಮೇಲೆ ಡಾರ್ವಿನ್ನನಿಗೆ ಜ್ಞಾಪಕ ಬಂದಿತು: ತಾನು ತಿಂಗಳುಗಟ್ಟಲೆ ಹುಡುಕುತ್ತಿದ್ದ ಅಪರೂಪದ ಜಾತಿ ಅದೇ! ಅದೃಷ್ಟವಶಾತ್ ತಲೆ, ಕತ್ತು, ಕಾಲು, ರೆಕ್ಕೆಗಳು ಅಡುಗೆಯವನ ಬಳಿ ಉಳಿದಿದ್ದುವು. ಅವುಗಳನ್ನು ಒಟ್ಟುಗೂಡಿಸಿ ಲಂಡನ್ನಿಗೆ ಕಳುಹಿಸಲಾಗಿ, ೧೮೩೭ರಲ್ಲಿ ಜಾನ್ ಗೋಲ್ಡ್ ಎಂಬ ಪಕ್ಷಿಶಾಸ್ತ್ರಜ್ಞನು ಅದಕ್ಕೆ ಡಾರ್ವಿನ್ನನ ಹೆಸರನ್ನೇ ಇಟ್ಟನು. ತಿಂದವನ ಹೆಸರು ತಿನ್ನಲ್ಪಟ್ಟುದಕ್ಕೆ ಬಂದದ್ದು ಅಪೂರ್ವವೇ ಸರಿ. ಆದರೆ ಇಂಥ ಕುತೂಹಲಕ್ಕೆಲ್ಲ ಹೀಗೆ ನಗುವಿನ ಕೊನೆ ಇರುವುದಿಲ್ಲ. ಗಲಪಗೋಸ್ ದ್ವೀಪಗಳ ಹೆಗ್ಗಾತ್ರದ ಆಮೆಗಳನ್ನು ನಾವಿಕರು ಹಡಗು ಹಡಗು ತುಂಬಿ ಕೊಂಡೊಯ್ದರು; ಫ್ಲೋರಿಯಾನ ದ್ವೀಪದ ಆಮೆಯು ೧೮೫೦ರ ಸುಮಾರಿಗೆ ಅಲ್ಲಿ ಇಲ್ಲವಾಯಿತು. ನಮ್ಮ ದೇಶದಲ್ಲಿ ಕಾಡುಮೃಗದ ಮಾಂಸದ ರುಚಿ ನೋಡಬೇಕೆನ್ನುವವರಿಗೆ ೧೯೭೨ರ ವನ್ಯಜೀವಿ ಸಂರಕ್ಷಣೆಯ ಕಾನೂನು ಅಡ್ಡವಾಗಿದೆ, ಇರಬೇಕಾದುದೇ.

ಇಲ್ಲಿ ಮತ್ತೊಂದು ವಿಶೇಷವನ್ನು ಗಮನಿಸಬೇಕು. ಹೊಸದನ್ನು ತಿಂದವನು ಅದು ಹೇಗಿತ್ತೆಂದು ಹೇಳುವಾಗ ತನ್ನ ಮನೆಯ ತಟ್ಟೆಯನ್ನು ಬಿಟ್ಟು ಆಚೆಗೆ ಹೋಗಲಾರನು. ಇಂಗ್ಲಿಷಿನವನಿಗೆ ಪ್ಯೂಮವು ಕರುವಿನಂತೆ. ಅದೇ ಸ್ವಭಾವವನ್ನು ನಮ್ಮ ನಾಡಿನ ಒಬ್ಬ ದೊರೆಯಲ್ಲಿಯೂ ಕಾಣಬಹುದು. ಕಲ್ಯಾಣದ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ಮಾನಸೋಲ್ಲಾಸವೆಂಬ ಮಹಾಗ್ರಂಥವನ್ನು ರಚಿಸಿದನು. ರಾಜನಾದವನ ಭೋಗಗಳನ್ನೆಲ್ಲ ವಿವರಿಸುವ ಆ ಪುಸ್ತಕದಲ್ಲಿ ಊಟಕ್ಕೊಂದು ಅಧ್ಯಾಯವೇ ಇದೆ. ಉದ್ದಿನ ಹಿಟ್ಟಿನಿಂದ ಮಾಡಿ, ಮೆಣಸು, ಜೀರಿಗೆ, ಇಂಗುಗಳ ಪುಡಿ ಬೆರಸಿದ ಇಡ್ಡರಿಕೆಯೆಂಬ ತಿಂಡಿ ಅದರಲ್ಲಿದೆ; ನಮ್ಮ ಇಡ್ಲಿಯ ಪೂರ್ವಿಕನೆಂದು ಅದನ್ನು ನಾವೆಲ್ಲ ಹೆಮ್ಮೆಯಿಂದ ತೋರಿಸಿಕೊಡುತ್ತೇವೆ. ಆದರೆ ಅದೇ ಅಧ್ಯಾಯದಲ್ಲಿ ಆಮೆಯ ಅಡುಗೆಯೂ ಇದೆ. ಹೊಳೆಯ ದಡದ ಹೊಲಗಳಲ್ಲಿ ಕೊಬ್ಬಿದ ಕಪ್ಪು ಇಲಿಗಳನ್ನು ಬಾಲ ಹಿಡಿದು ಕಾದ ಎಣ್ಣೆಯಲ್ಲಿ ಅದ್ದಿ, ರೋಮ ಉದುರಿಸಿ, ಬಿಸಿನೀರಿನಲ್ಲಿ ತೊಳೆದು, ಉಪ್ಪು ಸಂಬಾರ ಹಾಕಿ ಸಂಸ್ಕರಿಸುವ ಕ್ರಮವೂ ಇದೆ. ಆಮೆಯ ವಿಷಯ ಬಂದಾಗ ದೊರೆಯು ಅದನ್ನು ಹೋಲಿಸಿರುವುದು ಬಾಳೆಗೆ! ಗೌಚೋಗಳ ನಡುವೆ ಕುಳಿತ ಇಂಗ್ಲಿಷಿನವನಿಗೆ ಕರು ಹೇಗೋ ಕಲ್ಯಾಣದ ಅರಸನಿಗೆ ಬಾಳೆ ಹಾಗೆ.

ಇಡ್ಡರಿಕೆಯನ್ನು ಎತ್ತಿ ಆಡುವ ನಾವು ಇಲಿಯ ಮಾತನ್ನು ಮಾತ್ರ ಮೆಲ್ಲಗೆ ಮಗುಚಿಬಿಡುವುದೇಕೆ? ಪುರಾತನರ ಅಡುಗೆಮನೆಯಲ್ಲಿ ನಮಗೆ ಬೇಕಾದ ಪಾತ್ರೆಯ ಮುಚ್ಚಳವನ್ನಷ್ಟೇ ತೆಗೆದು ನೋಡುವ ಅಭ್ಯಾಸವು ವಿದ್ಯಾವಂತರಲ್ಲಿಯೂ ಸಾಮಾನ್ಯವಾಗಿದೆ. ಅಂದಹಾಗೆ, ಆ ಅರಸನ ಅಡುಗೆಯಲ್ಲಿ ಕಾರಕ್ಕೆ ಕರಿಯ ಮೆಣಸಿತ್ತೇ ಹೊರತು ಮೆಣಸಿನಕಾಯಿ ಇರಲಿಲ್ಲ. ಇಂದು ಬ್ಯಾಡಗಿಯ ಹೆಸರಿನೊಡನೆ ಬೆರೆತುಹೋಗಿರುವ ಮೆಣಸಿನಕಾಯಿಯು ಪೋರ್ಚುಗೀಸರ ಕಾಲದಲ್ಲಿ ಅಮೆರಿಕದಿಂದ ಬಂದ ಪರದೇಶಿ. ಅದನ್ನು ಮೊದಲು ಕಚ್ಚಿದ ಕನ್ನಡಿಗನ ಅನುಭವವನ್ನು ಯಾರೂ ಬರೆದಿಡದೆ ಹೋದದ್ದು ಸಾಹಿತ್ಯಕ್ಕೆ ದೊಡ್ಡ ನಷ್ಟ.

ಹೆಸರಿನ ಪ್ರಭಾವವನ್ನು ಅಳೆಯಬೇಕಾದರೆ ಕುದುರೆಯ ಮಾಂಸಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕದು. ಎಂಟನೆಯ ಶತಮಾನದಲ್ಲಿ ಮೂರನೆಯ ಗ್ರೆಗೊರಿ ಎಂಬ ಪೋಪನು ಜರ್ಮನರ ನಡುವೆ ಧರ್ಮಪ್ರಚಾರ ಮಾಡುತ್ತಿದ್ದ ಬೋನಿಫೇಸನಿಗೆ ಪತ್ರ ಬರೆದು, ಕುದುರೆ ತಿನ್ನುವುದು ಹೊಲಸೆಂದೂ ಅದನ್ನು ನಿಲ್ಲಿಸಬೇಕೆಂದೂ ಆಜ್ಞಾಪಿಸಿದನು. ಸಾವಿರ ವರ್ಷಗಳಿಗೆ ಮೇಲ್ಪಟ್ಟು ಆ ಮಾತು ನಿಂತಿತು. ಬಡವರಿಗೆ ಮಾಂಸವಿಲ್ಲದಿರುವಾಗ ಒಳ್ಳೆಯ ಮಾಂಸವನ್ನು ಬಿಸಾಡುವುದು ತರವಲ್ಲವೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞರು ವಾದಿಸಿದರು. ಔತಣಗಳನ್ನು ನಡೆಸಿ ಗಣ್ಯರಿಗೆ ಕುದುರೆಯ ಸಾರನ್ನು ಬಡಿಸಿದರು. ೧೮೬೬ರಲ್ಲಿ ಪ್ಯಾರಿಸಿನಲ್ಲಿ ಕುದುರೆ ಮಾಂಸದ ಅಂಗಡಿ ತೆರೆಯಿತು. ೧೮೬೮ರಲ್ಲಿ ಲಂಡನ್ನಿನ ದೊಡ್ಡ ಹೋಟೆಲೊಂದರಲ್ಲಿಯೂ ಅಂಥದೇ ಔತಣ ನಡೆಯಿತು. ಇಂಗ್ಲಿಷರು ಬಂದರು, ತಿಂದರು, ಮನೆಗೆ ಹೋಗಿ ಹಿಂದಿನಂತೆಯೇ ದನದ ಮಾಂಸವನ್ನು ತಿಂದರು. ಕುದುರೆಯು ಅವರಿಗೆ ಸೇವಕ, ಸ್ನೇಹಿತ, ಆಹಾರವಲ್ಲ. ಇದಾಗಿ ನೂರೈವತ್ತು ವರ್ಷಗಳು ತುಂಬುವ ಹೊತ್ತಿಗೆ, ೨೦೧೩ರ ಜನವರಿಯಲ್ಲಿ, ದನದ ಮಾಂಸವೆಂದು ಮಾರುತ್ತಿದ್ದ ಪದಾರ್ಥಗಳನ್ನು ಐರ್ಲೆಂಡಿನ ಅಧಿಕಾರಿಗಳು ಪರೀಕ್ಷಿಸಿದಾಗ, ಒಂದು ಮಾದರಿಯಲ್ಲಿ ನೂರಕ್ಕೆ ೨೯ ಪಾಲು ಕುದುರೆಯ ಮಾಂಸವಿತ್ತು. ಯೂರೋಪಿನಲ್ಲೆಲ್ಲ ಕೋಲಾಹಲವೆದ್ದಿತು. ವಂಚನೆಗೆ ಕೋಪಿಸಿಕೊಂಡದ್ದು ನ್ಯಾಯವೇ. ಆದರೆ ವ್ಯತ್ಯಾಸವನ್ನು ಕಂಡುಹಿಡಿದದ್ದು ತಿಂದವರ ನಾಲಗೆಯಲ್ಲ, ಪ್ರಯೋಗಶಾಲೆ.

ಹಸಿವೆಂಬುದೊಂದಿದೆ, ಅದರ ಮುಂದೆ ಹೆಸರಿನ ಆಟ ನಡೆಯದು. ೧೮೭೦ರ ಸೆಪ್ಟೆಂಬರಿನಲ್ಲಿ ಪ್ರಷ್ಯದ ಸೇನೆಯು ಪ್ಯಾರಿಸ್ ಪಟ್ಟಣವನ್ನು ಮುತ್ತಿತು. ಮುತ್ತಿಗೆ ಸಡಿಲಿದುದು ೧೮೭೧ರ ಜನವರಿ ೨೮ರಂದು. ಈ ನಾಲ್ಕು ತಿಂಗಳಲ್ಲಿ ಪಟ್ಟಣವು ಅರುವತ್ತು ಸಾವಿರಕ್ಕೂ ಮೇಲ್ಪಟ್ಟು ಕುದುರೆಗಳನ್ನು ತಿಂದಿತು. ಬಳಿಕ ಮೃಗಾಲಯದ ಸರದಿ ಬಂದಿತು. ವೊಯಿಸೇನ್ ಎಂಬ ಹೆಸರಾಂತ ಭೋಜನಶಾಲೆಯ ಕ್ರಿಸ್‌ಮಸ್ ಊಟದ ಪಟ್ಟಿಯನ್ನು ಇಂದಿಗೂ ಜನ ಕೌತುಕದಿಂದ ಓದುತ್ತಾರೆ: ಆನೆಯ ಸಾರು, ಒಂಟೆಯ ಹುರಿದ ಮಾಂಸ, ಕಾಂಗರೂ, ಕರಡಿ, ತೋಳ, ಸುತ್ತಲೂ ಇಲಿಗಳನ್ನು ಜೋಡಿಸಿದ ಬೆಕ್ಕು, ಜೊತೆಗೆ ಉತ್ತಮವಾದ ದ್ರಾಕ್ಷಾಮದ್ಯಗಳು. ಡಿಸೆಂಬರು ತಿಂಗಳ ಕೊನೆಯಲ್ಲಿ ಕ್ಯಾಸ್ಟರ್ ಮತ್ತು ಪಾಲಕ್ಸ್ ಎಂಬ ಎರಡು ಆನೆಗಳನ್ನು ಗುಂಡಿಟ್ಟು ಕೊಂದು, ಅವುಗಳ ಮಾಂಸವನ್ನು ಅಂಗಡಿಯಲ್ಲಿ ಮಾರಿದರು. ಮಕ್ಕಳು ಅವುಗಳ ಬೆನ್ನೇರಿ ತಿರುಗಾಡಿದ್ದರು. ಲಬೂಶೇರ್ ಎಂಬ ಆಂಗ್ಲ ಪತ್ರಿಕಾ ವರದಿಗಾರನು ಒಂದು ತುಂಡನ್ನು ತಿಂದು, ಅದು ಗಡುಸು, ಒರಟು, ಜಿಡ್ಡು ಎಂದು ತೀರ್ಪಿತ್ತನು. ಕೋತಿಗಳನ್ನು ಮಾತ್ರ ಯಾರೂ ಮುಟ್ಟಲಿಲ್ಲ. ತೀರ ಹತ್ತಿರದ ನೆಂಟರೆನ್ನಿಸಿರಬೇಕು.

ಆದರೆ ಈ ಪಟ್ಟಿಯನ್ನು ಓದಿ ಮೋಸಹೋಗಬಾರದು. ಆನೆಯ ಸಾರನ್ನು ಕುಡಿದವರು ಹಸಿದವರಲ್ಲ, ಹಣವಿದ್ದವರು. ಹಸಿದವರ ಪಾಲಿಗೆ ಬಂದದ್ದು ಹೊಟ್ಟು, ಅಕ್ಕಿ, ಹುಲ್ಲಿನ ಚೂರು ಬೆರೆತ ರೊಟ್ಟಿ. ಅದೂ ಕೊನೆಕೊನೆಗೆ ದಿನಕ್ಕೆ ತಲೆಗೆ ೩೦೦ ಗ್ರಾಂ. ಹಾಲಿಲ್ಲದೆ ಶಿಶುಗಳು ಸತ್ತುವು. ಅವರ ಊಟದ ಪಟ್ಟಿಯನ್ನು ಯಾರೂ ಅಚ್ಚು ಮಾಡಿಸಲಿಲ್ಲ.

ಅದಾದ ಆರೇಳು ವರ್ಷಗಳಲ್ಲಿ ನಮ್ಮ ಮೈಸೂರು ಸೀಮೆಗೇ ಧಾತು ಈಶ್ವರ ಸಂವತ್ಸರಗಳ ಬರ ಬಂದಿತು. ೧೮೭೧ರ ಗಣತಿಯಲ್ಲಿ ಐವತ್ತು ಲಕ್ಷ ಐವತ್ತೈದು ಸಾವಿರವಿದ್ದ ಜನಸಂಖ್ಯೆ ೧೮೮೧ರಲ್ಲಿ ನಾಲ್ವತ್ತೊಂದು ಲಕ್ಷ ಎಂಬತ್ತಾರು ಸಾವಿರಕ್ಕೆ ಇಳಿದಿತ್ತು. ಇಂಥ ಕಾಲದಲ್ಲಿ ಕಾಡಿನ ಗೆಡ್ಡೆಯನ್ನೋ ಬೇಲಿಯ ಸೊಪ್ಪನ್ನೋ ಮೊದಲ ಸಲ ಬಾಯಿಗಿಟ್ಟವರು ಅದು ಯಾವುದರಂತಿದೆಯೆಂದು ಹೋಲಿಸುತ್ತ ಕೂಡಲಿಲ್ಲ. ಕುತೂಹಲದಿಂದ ತಿನ್ನುವವನಿಗೆ ಬೇಡವೆನ್ನುವ ಸ್ವಾತಂತ್ರ್ಯವಿದೆ. ಬರದಲ್ಲಿ ತಿನ್ನುವವನಿಗೆ ಅದಿಲ್ಲ. ಕಷ್ಟವೇನೆಂದರೆ, ಬರವು ಹೋದ ಮೇಲೆಯೂ ಆ ಆಹಾರದ ಮೇಲೆ ಬಡತನದ ಮುದ್ರೆ ಉಳಿದುಬಿಡುತ್ತದೆ. ಮರುವರ್ಷ ಒಳ್ಳೆಯ ಬೆಳೆ ಬಂದಾಗ ಅದನ್ನು ಇಷ್ಟಪಟ್ಟು ತಿನ್ನುವವನೂ ನೆರೆಯವರ ಕಣ್ಣು ತಪ್ಪಿಸಿ ತಿನ್ನಬೇಕಾಗುತ್ತದೆ.

ಮಲೆನಾಡಿನ ಚಗಳಿ ಇರುವೆಯ ವಿಷಯದಲ್ಲಿ ಇದನ್ನೇ ಕಾಣುತ್ತೇವೆ. ಮಾವು, ಹಲಸು ಮೊದಲಾದ ಮರಗಳ ಹಸುರೆಲೆಗಳನ್ನು ಒಂದಕ್ಕೊಂದು ಎಳೆದು, ತಮ್ಮ ಮರಿಹುಳುಗಳ ಬಾಯಿಂದ ಹೊರಡುವ ರೇಷ್ಮೆಯ ನೂಲಿನಿಂದ ಹೊಲಿದು ಗೂಡು ಕಟ್ಟುವ ಕೆಂಪಿರುವೆಗಳು ಇವು. ಗೂಡನ್ನು ಕೊಯ್ದು, ಇರುವೆ ಮೊಟ್ಟೆಗಳನ್ನು ಹುರಿದು, ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಸೇರಿಸಿ ಅರೆದು ಚಟ್ನಿ ಮಾಡುತ್ತಾರೆ. ಒಡಿಶಾದ ಮಯೂರಭಂಜ ಜಿಲ್ಲೆಯಲ್ಲಿ ಆಗುವ ಇಂಥದೇ ಚಟ್ನಿಗೆ ೨೦೨೪ರಲ್ಲಿ ಭೌಗೋಳಿಕ ಸೂಚಕವೆಂಬ ಸರ್ಕಾರದ ಮನ್ನಣೆ ದೊರೆತಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯು ೨೦೧೩ರಲ್ಲಿ ಕೀಟಾಹಾರದ ಮೇಲೆ ಒಂದು ದೊಡ್ಡ ವರದಿಯನ್ನೇ ಪ್ರಕಟಿಸಿ, ಅದು ಪುಷ್ಟಿಕರವೆಂದು ಲೋಕಕ್ಕೆ ಸಾರಿತು. ಇಷ್ಟೆಲ್ಲ ಆದ ಮೇಲೂ ಆ ಚಟ್ನಿಯನ್ನು ಮಾಡುವ ಮನೆಯಲ್ಲಿ ಅದನ್ನು ಅತಿಥಿಯ ಮುಂದಿಡಲು ಧೈರ್ಯ ಸಾಲದು.

ಕೆಲವು ವರ್ಷಗಳ ಹಿಂದೆ ಮಳೆಗಾಲಕ್ಕೆ ಮುಂಚೆ ನಾವೂ ಸ್ನೇಹಿತರೊಬ್ಬರೂ ಅಂಥದೊಂದು ಮನೆಯಲ್ಲಿ ಇಳಿದುಕೊಂಡಿದ್ದೆವು. ನಮಗೆ ಹಲಸಿನಕಾಯಿಯ ಪಲ್ಯ, ಸಾರು, ಮಜ್ಜಿಗೆ ಬಡಿಸಿದ್ದರು. ಒಳಗೆ ಮಕ್ಕಳು ಕಡುಬಿಗೆ ಬೇರೇನನ್ನೋ ನೆಂಚಿಕೊಂಡು ಚಪ್ಪರಿಸುತ್ತಿದ್ದುದನ್ನು ಕಂಡು ಅದೇನೆಂದು ಕೇಳಿದೆವು. ಮನೆಯಾಕೆ ಬಹಳ ಸಂಕೋಚಪಟ್ಟು, "ಅದು ನಿಮ್ಮಂಥೋರು ತಿನ್ನೋದಲ್ಲ ಮೇಷ್ಟ್ರೇ" ಎಂದರು. "ಮಕ್ಕಳು ತಿನ್ನುವುದನ್ನು ನಾವು ತಿನ್ನಬಾರದೇನಮ್ಮ?" ಎಂದು ಒತ್ತಾಯ ಮಾಡಿದ ಮೇಲೆ ಬಾಳೆಲೆಯ ತುದಿಯಲ್ಲಿ ಬೆರಳ ತುದಿಯಷ್ಟು ಬಡಿಸಿದರು. ಸ್ನೇಹಿತರು ಕಣ್ಣು ಮುಚ್ಚಿಕೊಂಡು ನುಂಗಿದರು. ನಾವು ನಿಧಾನವಾಗಿ ತಿಂದೆವು. ಮೊದಲು ಚುರುಕಾದ ಹುಳಿ, ಆಮೇಲೆ ಖಾರ, ಕಡೆಗೆ ಹುರಿದ ವಾಸನೆ. ಆ ಹುಳಿಯು ಇರುವೆ ಕಚ್ಚಿದಾಗ ಉರಿಯುವ ಆಮ್ಲದ್ದೇ. ನಿಂಬೆಯಂತಿದೆಯೆಂದು ನಮ್ಮ ಬಾಯಿಂದಲೂ ಬಂದಿತು; ಮನೆಯ ತಟ್ಟೆ ನಮ್ಮನ್ನೂ ಬಿಡಲಿಲ್ಲ. ಎರಡನೆಯ ಸಲ ಕೇಳಿ ಹಾಕಿಸಿಕೊಂಡಾಗ ಆಕೆಯ ಮುಖ ಅರಳಿತು.

ಮರುದಿನ ಹೊರಡುವಾಗ ಆಕೆ ಅಂಗಳದವರೆಗೂ ಬಂದು ದನಿ ತಗ್ಗಿಸಿ, "ಪ್ಯಾಟೇಲಿ ಯಾರಿಗೂ ಹೇಳ್ಬೇಡಿ ಮೇಷ್ಟ್ರೇ. ನಮ್ ಹುಡುಗ ಅಲ್ಲೇ ಓದ್ತಾನೆ. ಇರುವೆ ತಿನ್ನೋರ ಮನೆಯೋನು ಅಂತಾರೆ" ಎಂದರು. ಅದಕ್ಕಾಗಿಯೇ ಆ ಊರಿನ ಹೆಸರನ್ನು ನಾವು ಇಲ್ಲಿ ಹೇಳಲಿಲ್ಲ.