ಬೆಟ್ಟಕ್ಕೆ ವಸಂತ ಬಂದ ಗುರುತುಗಳು

(ಶಿರಸಿ ಸೀಮೆಯ ಹಳ್ಳಿಯೊಂದರ ಶಾಲಾ ಅಂಗಳದಲ್ಲಿ, ಬೆಟ್ಟ ಸುತ್ತುವ ಹಿಂದಿನ ಸಂಜೆ, ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ಶಿವರಾತ್ರಿಗೆ ಚಳಿ ‘ಶಿವ ಶಿವ’ ಎನ್ನುತ್ತ ಹೊರಟುಹೋಗುತ್ತದೆ ಎಂಬುದು ನಮ್ಮಲ್ಲಿನ ಮಾತು. ಪಂಚಾಂಗದ ಪ್ರಕಾರ ವಸಂತಕ್ಕೆ ಯುಗಾದಿಯವರೆಗೆ ಕಾಯಬೇಕು. ಕಾಡು ಅಷ್ಟು ಕಾಯುವುದಿಲ್ಲ. ಮಾಘ ಮುಗಿಯುವ ಮೊದಲೇ, ಬೆಳಗಿನ ಇಬ್ಬನಿ ಹುಲ್ಲಿನ ಮೇಲಿರುವಾಗಲೇ, ನಮ್ಮ ಸೊಪ್ಪಿನ ಬೆಟ್ಟಗಳಲ್ಲಿ ಅದು ತನ್ನ ಕೆಲಸವನ್ನು ಆರಂಭಿಸಿರುತ್ತದೆ.

ಮೊದಲ ಸುದ್ದಿ ತಲುಪುವುದು ಕಿವಿಗೆ. ‘ಕುಟ್ರೂ ಕುಟ್ರೂ’ ಎಂದು ಒಂದು ಹಕ್ಕಿ ಕೂಗಿದರೆ ಆಚೆಯ ಗುಡ್ಡದಿಂದ ಇನ್ನೊಂದು ಉತ್ತರಿಸುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿಯೂ ನಿಲ್ಲಿಸುವುದಿಲ್ಲ. ಎಲೆಯ ಬಣ್ಣವೇ ಅದರ ಮೈಬಣ್ಣವಾದ್ದರಿಂದ ಕಣ್ಣಿಗೆ ಬೀಳುವುದು ಅಪರೂಪ. ಈ ಕುಟ್ರುಹಕ್ಕಿ ಒಣಗಿದ ಕೊಂಬೆಯನ್ನು ಕೊಕ್ಕಿನಿಂದ ಕೊರೆದು ಗೂಡು ಮಾಡಿಕೊಳ್ಳುತ್ತದೆ. ಒಣಗಿದ ಕೊಂಬೆ ಎಂಬ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಅದಕ್ಕೆ ಮರಳಿ ಬರುತ್ತೇನೆ.

ಕಣ್ಣಿಗೆ ಕಾಣುವ ಗುರುತುಗಳು ನಿಮಗೆ ತಿಳಿದವೇ. ಬೂರುಗದ ಮರ ಎಲೆಯನ್ನೆಲ್ಲ ಉದುರಿಸಿ, ಬೋಳು ಕೊಂಬೆಗಳ ತುಂಬ ಕೆಂಪು ಹೂಗಳನ್ನು ಹೊತ್ತು ನಿಲ್ಲುತ್ತದೆ. ಅದರ ಮಕರಂದಕ್ಕೆ ಮೈನಾ, ಕಾಜಾಣ, ಸೂರಕ್ಕಿಗಳು, ಮಂಗಗಳು, ಅಳಿಲುಗಳು ಮುತ್ತುತ್ತವೆ. ಕೆಳಗೆ ಬಿದ್ದ ಹೂವನ್ನು ಜಿಂಕೆ, ಕಾಡುಕುರಿಗಳು ತಿನ್ನುತ್ತವೆ. ಬಯಲು ಸೀಮೆಯ ಕಡೆ ಇಳಿದಂತೆ ಮುತ್ತುಗ ಹೂಬಿಡುತ್ತದೆ. ಸಾಗಡೆ, ನಾಗಸಂಪಿಗೆಗಳ ಚಿಗುರು ಮಾತ್ರ ಹೂವಿನಷ್ಟೇ ಕೆಂಪು. ಎಳೆಯ ಎಲೆಯಲ್ಲಿ ಹಸಿರು ತುಂಬುವ ಮುನ್ನ ಈ ಕೆಂಪು ಬಣ್ಣವು ಅದನ್ನು ಪ್ರಖರ ಬಿಸಿಲಿನಿಂದ ಕಾಯುತ್ತದೆಂದು ವಿಜ್ಞಾನಿಗಳು ವಿವರಿಸುತ್ತಾರೆ. ಹೂವಿನ ಹಿಂದೆ ಹೆಜ್ಜೇನು ಬರುತ್ತದೆ. ಎತ್ತರದ ಮರಗಳಲ್ಲಿ ಅದರ ಹುಟ್ಟುಗಳು ತೂಗತೊಡಗುತ್ತವೆ. ಮಳೆಗಾಲಕ್ಕೆ ಮುನ್ನ ಅವು ಮತ್ತೆ ಬಯಲಿನ ಕಡೆ ಹೊರಡುತ್ತವೆ.

ಇಷ್ಟೆಲ್ಲ ಕಾಣುವ, ಕೇಳುವ ಗುರುತುಗಳು. ಈ ದಿನಗಳಲ್ಲಿ ಒಂದು ಹಕ್ಕಿ ಕಾಣದಂತಾಗುವುದೂ ವಸಂತದ ಗುರುತು. ನಾನು ಹೇಳುತ್ತಿರುವುದು ಮಂಗಟ್ಟೆಯ ವಿಷಯ.

ಉತ್ತರ ಕನ್ನಡದಲ್ಲಿ ನಾಲ್ಕು ಬಗೆಯ ಮಂಗಟ್ಟೆಗಳಿವೆ. ರೆಕ್ಕೆ ಬಡಿದರೆ ರೈಲು ಹೋದಂತೆ ಸದ್ದು ಮಾಡುವ ದೊಡ್ಡ ಮಂಗಟ್ಟೆಯಿಂದ ಹಿಡಿದು, ಗಹಗಹಿಸಿ ನಕ್ಕಂತೆ ಕೂಗುವ ಬೂದು ಮಂಗಟ್ಟೆಯವರೆಗೆ. ಮಲಬಾರ್ ಬೂದು ಮಂಗಟ್ಟೆಯಂತೂ ಪಶ್ಚಿಮ ಘಟ್ಟಗಳನ್ನು ಬಿಟ್ಟು ಜಗತ್ತಿನ ಬೇರೆಲ್ಲಿಯೂ ಇಲ್ಲ. ಕೊಕ್ಕು ಅಷ್ಟು ದೊಡ್ಡದಾದರೂ ಇವುಗಳಿಗೆ ಮರ ಕೊರೆಯಲು ಬಾರದು. ಹಳೆಯ ಮರದಲ್ಲಿ ತಾನಾಗಿ ಆದ ಪೊಟರೆಯನ್ನೇ ಹುಡುಕಬೇಕು. ಜನವರಿಯಿಂದ ಮಾರ್ಚ್ ನಡುವೆ ಹೆಣ್ಣು ಆ ಪೊಟರೆಯೊಳಗೆ ಸೇರಿ, ತನ್ನ ಹಿಕ್ಕೆ ಹಾಗೂ ಹಣ್ಣಿನ ತಿರುಳಿನಿಂದ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ. ಉಳಿಯುವುದು ಕೊಕ್ಕು ತೂರುವಷ್ಟು ಒಂದು ಸೀಳು ಮಾತ್ರ. ಒಳಗೆ ಅದರ ಹಾರುವ ಗರಿಗಳೆಲ್ಲ ಉದುರಿ ಹೊಸದಾಗಿ ಹುಟ್ಟುತ್ತವೆ. ಬೂದು ಮಂಗಟ್ಟೆಯಲ್ಲಿ ಈ ವಾಸ ಸುಮಾರು ಮೂರು ತಿಂಗಳು. ಅಷ್ಟು ಕಾಲ ತಾಯಿಗೂ ಮರಿಗಳಿಗೂ ಗಂಡು ತಂದು ಕೊಟ್ಟದ್ದೇ ಊಟ: ಅತ್ತಿ, ಬಸರಿ, ಗೋಣಿಯ ಹಣ್ಣು, ರಾಮಪತ್ರೆ, ನಡುನಡುವೆ ಓತಿಕೇತವೋ ಹುಳುವೋ. ಆ ಗಂಡು ಸತ್ತರೆ ಪೊಟರೆಯೊಳಗಿನವರ ಗತಿಯೇನೆಂದು ನಾನು ಹೇಳಬೇಕಾಗಿಲ್ಲ.

ಇನ್ನೀಗ ನನ್ನದೇ ತಪ್ಪೊಂದನ್ನು ಹೇಳಿಕೊಳ್ಳಬೇಕು. ಬಹಳ ವರ್ಷಗಳ ಹಿಂದೆ ನಮ್ಮ ಮನೆಯ ಬೆಟ್ಟದಲ್ಲಿ ಅರ್ಧ ಒಣಗಿದ, ನಡು ಟೊಳ್ಳಾದ ಮತ್ತಿಮರವೊಂದಿತ್ತು. ಮುಂದಿನ ಸಲ ಅಡಿಕೆ ಬೇಯಿಸಲು ಕಟ್ಟಿಗೆಯಾಗುತ್ತದೆಂದು ಫಾಲ್ಗುಣದಲ್ಲಿ ಕಡಿಸಿದೆ. ಮರ ಉರುಳಿ ಪೊಟರೆ ಸೀಳಿದಾಗ ಒಳಗೊಂದು ಹಕ್ಕಿಯಿತ್ತು. ರೆಕ್ಕೆಯಲ್ಲಿ ಗರಿಯಿಲ್ಲ, ಹಾರಲಾರದು. ಪಕ್ಕದಲ್ಲಿ ಒಡೆದ ಮೊಟ್ಟೆಗಳು. ಮನೆಗೆ ತಂದು ಬುಟ್ಟಿಯಲ್ಲಿಟ್ಟು ಬಾಳೆಹಣ್ಣು ಕೊಟ್ಟೆವು, ತಿನ್ನಲಿಲ್ಲ. ಎರಡನೆಯ ದಿನ ಸತ್ತಿತು. ಗಂಡು ಮಾತ್ರ ನಾಲ್ಕೈದು ದಿನ, ಬಾಯಿಯಲ್ಲಿ ಹಣ್ಣು ಹಿಡಿದು, ಆ ಬುಡದ ಹತ್ತಿರದ ಮರಕ್ಕೆ ಬಂದು ಕೂರುತ್ತಿತ್ತು. ಕಟ್ಟಿಗೆ ಎರಡು ಒಲೆಗೂ ಸಾಲಲಿಲ್ಲವೆಂಬುದನ್ನೂ ಹೇಳಿಬಿಡುತ್ತೇನೆ.

1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತದ್ದನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಅದು ಅಭಿಮಾನಪಡಬೇಕಾದದ್ದೇ. ಆದರೆ ಒಣಗಿದ, ಟೊಳ್ಳಾದ ಮರವನ್ನು ಕಡಿಯುವಾಗ ನಮ್ಮಲ್ಲಿ ಯಾರೂ ಅಡ್ಡ ಬರುವುದಿಲ್ಲ; ಇಲಾಖೆಯ ಲೆಕ್ಕದಲ್ಲಿಯೂ, ನಮ್ಮ ಲೆಕ್ಕದಲ್ಲಿಯೂ ಅದು ಕಟ್ಟಿಗೆ. 2011ರಲ್ಲಿ ದಾಂಡೇಲಿ ಭಾಗದಲ್ಲಿ ಮಂಗಟ್ಟೆಗಾಗಿಯೇ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ನಮ್ಮ ಬೆಟ್ಟಗಳಿಗೆ ಅಂಥ ಫಲಕವಿಲ್ಲ. ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಸೊಪ್ಪು, ದರಕುಗಳಿಗಾಗಿ ಅನುಭವಿಸುವ ಸವಲತ್ತು ನಮ್ಮ ಸೀಮೆಗಿದೆ. ಅಲ್ಲಿ ಯಾವ ಮರ ನಿಲ್ಲಬೇಕೆಂಬುದು ಬಹುಮಟ್ಟಿಗೆ ನಮ್ಮ ಕತ್ತಿಯ ಮೇಲೆಯೇ ನಿಂತಿದೆ. ಬೆಟ್ಟಕ್ಕೆರಡು ಪೊಟರೆ ಮರ ಬಿಡಿ ಎಂದು ಕೇಳಿದರೆ ಹೆಚ್ಚೆಂದು ಯಾರೂ ಅನ್ನಲಾರರು.

ದರಕಿನ ವಿಷಯದಲ್ಲಿಯೂ ಒಂದು ಮಾತು. ಕಾಡುಕೋಳಿ ಮೊಟ್ಟೆಯಿಡುವ ಕಾಲವೂ ಇದೇ, ಅದೂ ಪೊದೆಯ ಕೆಳಗೆ, ನೆಲದ ಮೇಲೆ. ಗುಡಿಸುವಾಗ ಪೊದೆಗಳ ಬುಡವನ್ನು ಬಿಟ್ಟುಬಿಡಿ. ಬೀಡಿಯ ಕಿಡಿಯಿಂದ ಹತ್ತಿದ ಬೆಂಕಿ ದರಕಿನ ಮೇಲೆ ಎಷ್ಟು ವೇಗವಾಗಿ ಓಡುತ್ತದೆಂದು ಆರಿಸಲು ಹೋದವರಿಗೆ ಗೊತ್ತು.

ನಾಳೆ ಬರುವ ವಿದ್ಯಾರ್ಥಿಗಳು ಮೇಲೆ ನೋಡುವ ಮೊದಲು ನೆಲ ನೋಡಿ. ದೊಡ್ಡ ಮರವೊಂದರ ಕೆಳಗೆ ಆ ಮರದ್ದಲ್ಲದ ಬೀಜಗಳು, ಹಿಕ್ಕೆ, ಹಣ್ಣಿನ ಸಿಪ್ಪೆ ರಾಶಿಯಾಗಿ ಬಿದ್ದಿದ್ದರೆ, ಕಳೆದ ವರ್ಷದ ಬೀಜಗಳು ಸಸಿಯಾಗಿ ಎದ್ದಿದ್ದರೆ, ತಲೆಯ ಮೇಲೆ ಗೂಡಿರುವ ಸಂಭವ ಹೆಚ್ಚು. ಆಗ ಮಾತು ನಿಲ್ಲಿಸಿ ದೂರ ಸರಿಯಬೇಕು. ಜನ ನಿಂತಿದ್ದರೆ ಗಂಡು ಹತ್ತಿರ ಬಾರದು, ಒಳಗಿನವರು ಉಪವಾಸ. ಫೋಟೊ ಬೇಡ, ಗೂಡಿನ ಜಾಗವನ್ನು ಮೊಬೈಲಿನಲ್ಲಿ ಹಂಚುವುದೂ ಬೇಡ. ಪುಸ್ತಕದಲ್ಲಿ ದಿನಾಂಕ, ಮರದ ಹೆಸರು, ಕೆಳಗೆ ಸಿಕ್ಕ ಬೀಜಗಳನ್ನು ಬರೆದುಕೊಂಡರೆ ಸಾಕು. ಬೀಜದ ಗುರುತು ಹತ್ತದಿದ್ದರೆ ಅಜ್ಜಿಯರನ್ನು ಕೇಳಿ, ನನಗಿಂತ ಅವರು ಚೆನ್ನಾಗಿ ಬಲ್ಲರು.

ಬೆಳಿಗ್ಗೆ ಆರೂವರೆಗೆ ಇದೇ ಅಂಗಳದಲ್ಲಿ ಸೇರೋಣ. ಉಂಬಳದ ಭಯ ಈಗಿಲ್ಲ, ಉಣ್ಣಿಯ ಕಾಟವಿದೆ. ತುಂಬು ತೋಳಿನ ಅಂಗಿ ತೊಟ್ಟು ಬನ್ನಿ.