ಬಾಲದ ಗಾಯಕ್ಕೆ ಮನೆಮಂದಿಯ ಆರೈಕೆ

(ಮದೀನತ್ ಖಲೀಫಾದಲ್ಲಿ ನಡೆದ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ನಾಯಿ ಬಾಲ ಯಾವತ್ತಿದ್ದರೂ ಡೊಂಕು ಎಂಬ ಗಾದೆ ನಮಗೆಲ್ಲ ಗೊತ್ತು. ಆ ಬಾಲಕ್ಕೆ ಪೆಟ್ಟಾದಾಗ ಏನು ಮಾಡಬೇಕು ಎಂಬುದು ಮಾತ್ರ ಬಹಳ ಮಂದಿಗೆ ಗೊತ್ತಿಲ್ಲ. ಆ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಬಾಲವೆಂದರೆ ಬೆನ್ನೆಲುಬಿನ ಮುಂದುವರಿಕೆ. ಅದರೊಳಗೆ ಸಣ್ಣ ಮೂಳೆಗಳು, ನರಗಳು, ರಕ್ತನಾಳಗಳು ಇವೆ. ತುದಿಯಲ್ಲಿ ಮಾಂಸ ಕಡಿಮೆ, ಚರ್ಮ ತೆಳು. ಹಾಗಾಗಿ ಗಾಯ ಬೇಗ ಮಾಯುವುದಿಲ್ಲ. ಇಲ್ಲಿ ಶಮಾಲ್ ಗಾಳಿ ಬೀಸುವಾಗ ಬಾಗಿಲು ದಢಾರನೆ ಮುಚ್ಚಿ ಬಾಲ ಸಿಕ್ಕಿಕೊಳ್ಳಬಹುದು. ಇನ್ನೊಂದು ಕಾರಣ ಕೇಳಿದರೆ ನಗು ಬಂದೀತು: ಸಂತೋಷ! ಬಾಗಲಕೋಟೆ ಜಿಲ್ಲೆಯ ನಮ್ಮ ಮುಧೋಳ ನಾಯಿ, ಈ ಅರಬ್ ನಾಡಿನ ಸಲೂಕಿ ಮುಂತಾದ ಉದ್ದ ಬಾಲದ ನಾಯಿಗಳು ಮನೆಯವರನ್ನು ಕಂಡ ಖುಷಿಗೆ ಬಾಲವನ್ನು ಗೋಡೆಗೆ ಬಡಿದು ತುದಿ ಒಡೆದುಕೊಳ್ಳುವುದುಂಟು. ಒಣಗುತ್ತಿದ್ದ ಗಾಯ ಮರುದಿನ ಮತ್ತೆ ಒಡೆಯುತ್ತದೆ. ವೈದ್ಯರು ಇದನ್ನು ‘ಹ್ಯಾಪಿ ಟೇಲ್’ ಎನ್ನುತ್ತಾರೆ.

ಮೊದಲು ಮಕ್ಕಳನ್ನು ದೂರವಿಡಿ. ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚೀತು. ಶುಚಿಯಾದ ಬಟ್ಟೆಯಿಂದ ಐದು ನಿಮಿಷ ಒತ್ತಿ ಹಿಡಿಯಿರಿ. ರಕ್ತ ನಿಲ್ಲಲೆಂದು ಕಾಫಿಪುಡಿ ಮೆತ್ತಬೇಡಿ. ನಾಯಿ ಅದನ್ನು ನೆಕ್ಕುತ್ತದೆ, ಕೆಫೀನ್ ಅದಕ್ಕೆ ವಿಷ. ವೈದ್ಯರು ಹೇಳದೆ ನಾವು ನುಂಗುವ ನೋವಿನ ಮಾತ್ರೆ ಕೊಡಲೇಬೇಡಿ. ಬ್ಯಾಂಡೇಜ್ ಬಿಗಿಯಾದರೆ ರಕ್ತಸಂಚಾರ ನಿಂತು ತುದಿ ಕೊಳೆತುಹೋಗುತ್ತದೆ. ಬಾಲ ಜೋತುಬಿದ್ದಿದ್ದರೆ, ಎಲುಬು ಕಂಡರೆ, ಮಲಮೂತ್ರಕ್ಕೆ ತೊಂದರೆಯಾದರೆ ಅದೇ ದಿನ ಪಶುವೈದ್ಯರಿಗೆ ತೋರಿಸಿ.

ನಿಜವಾದ ಆರೈಕೆ ಆಮೇಲೆ ಶುರು. ಬ್ಯಾಂಡೇಜ್ ಒದ್ದೆಯಾಗಬಾರದು, ನಾಯಿ ಅದನ್ನು ಕಚ್ಚಬಾರದು. ಇದನ್ನು ಎಷ್ಟೋ ವಾರ ನೋಡಿಕೊಳ್ಳಬೇಕು. ಕುತ್ತಿಗೆಗೆ ಕೋನ್ ಹಾಕಿ. ಗೋಡೆಗೆ ತಾಗದಂತೆ ಹಜಾರದ ನಡುವೆ ಮಲಗಿಸಿ. ಆಫೀಸಿನಿಂದ ಬಂದವರು, ಶಾಲೆಯಿಂದ ಬಂದ ಮಕ್ಕಳು ಗದ್ದಲ ಮಾಡದೆ ಒಳಬಂದರೆ ಬಾಲಕ್ಕೂ ವಿಶ್ರಾಂತಿ. ಈ ಕೆಲಸ ಒಬ್ಬರಿಂದ ಆಗದು, ಮನೆಮಂದಿಯೆಲ್ಲ ಸೇರಬೇಕು.

ಎಷ್ಟು ಮಾಡಿದರೂ ಗಾಯ ಮಾಯದಿದ್ದರೆ ವೈದ್ಯರು ಬಾಲದ ಒಂದಷ್ಟು ಭಾಗ ತೆಗೆಯಬೇಕೆನ್ನಬಹುದು. ಅಂದ ಕೆಡುತ್ತದೆಂದು ಬೇಡವೆನ್ನದಿರಿ. ಸೋಂಕು ಎಲುಬಿಗೆ ಇಳಿದರೆ ಕಷ್ಟ. ಮೋಟು ಬಾಲದ ನಾಯಿ ಸುಖವಾಗಿಯೇ ಬಾಳುತ್ತದೆ.

ಬೇಸಿಗೆ ರಜೆಗೆ ಊರಿಗೆ ಹೊರಡುವ ಮುನ್ನ ಗಾಯಗೊಂಡ ನಾಯಿಗೆ ಒಂದು ನೆಲೆ ನೋಡಿ. ನಲವತ್ತೈದು ಡಿಗ್ರಿ ಬಿಸಿಲಿನಲ್ಲಿ ಬೀದಿಗೆ ಬಿಟ್ಟರೆ ಅದು ಉಳಿಯುವುದು ಕಷ್ಟ. ಅಕ್ಕಪಕ್ಕದ ಕನ್ನಡದ ಮನೆಯವರು ಸರದಿಯಂತೆ ನೋಡಿಕೊಳ್ಳೋಣ. ಬಾಯಿಲ್ಲದ ಜೀವಕ್ಕೆ ನಾವಲ್ಲದೆ ಇನ್ಯಾರಿದ್ದಾರೆ?