ಮನೆಯ ಪಟ್ಟಿಯಲ್ಲಿ ನಿಮ್ಮ ಮಾರ್ಕು ಎಷ್ಟು?

(ವಸತಿ ಯೋಜನೆಯ ತಿಳಿವಳಿಕೆ ಕೂಟದಲ್ಲಿ ನಮ್ಮ ಗ್ರಾಮಸೇವಕರು ಮಾಡಿದ ಭಾಷಣ)



ನಾನು ತಮ್ಮ ಮುಂದೆ ನಿಂತಾಗಲೆಲ್ಲ ರಾಗಿಯ ಬೀಜೋಪಚಾರವನ್ನೋ ಗೊಬ್ಬರದ ಗುಂಡಿಯನ್ನೋ ಕುರಿತು ಮಾತನಾಡುವುದು ವಾಡಿಕೆ. ಈ ದಿನ ಅದನ್ನು ಬದಿಗಿಟ್ಟಿದ್ದೇನೆ. ಏಕೆಂದರೆ, ಈಚೆಗೆ ನಾನು ಯಾರ ಹೊಲದ ಬದುವಿನ ಮೇಲೆ ನಿಂತರೂ ಕೇಳಿಬರುವ ಪ್ರಶ್ನೆ ಒಂದೇ: “ಸ್ವಾಮಿ, ಮನೆ ನೋಡಿಕೊಂಡು ಫೋಟೋ ಹಿಡಿದುಕೊಂಡು ಹೋದರಲ್ಲ, ನಮಗೆ ಎಷ್ಟು ಮಾರ್ಕು ಬಂತು?”

ಈ ಮಾರ್ಕಿನ ಬಗೆಗೆ ಊರಿನಲ್ಲಿ ಬಗೆಬಗೆಯ ಮಾತು ಹಬ್ಬಿದೆ. ಮನೆ ಗಲೀಜಾಗಿದ್ದರೆ ಮಾರ್ಕು ಹೆಚ್ಚೆಂದು ತಿಳಿದು ಒಬ್ಬರು ಹಬ್ಬಕ್ಕೆ ಸುಣ್ಣ ಬಳಿಯುವುದನ್ನೇ ನಿಲ್ಲಿಸಿದರು. ಮತ್ತೊಬ್ಬರು ಗೋಡೆಯ ಬಿರುಕನ್ನು ಮುಚ್ಚದೆ ಹಾಗೆಯೇ ಬಿಟ್ಟಿದ್ದರು. ಮಳೆಗಾಲದಲ್ಲಿ ಆ ಗೋಡೆ ಬಿದ್ದು ಒಂದು ಕುರಿಮರಿ ಸತ್ತಿತು. ಇದು ನಗುವ ಸಂಗತಿಯಲ್ಲ. ತಿಳಿಯಹೇಳಬೇಕಾಗಿದ್ದವರು ನಾವು ಹೇಳಲಿಲ್ಲ, ಅಷ್ಟೇ.

ಮನೆಯ ಸ್ಥಿತಿಗೇ ಅಂಕ ಕೊಡುವ ಪದ್ಧತಿ ಲೋಕದಲ್ಲಿ ಇಲ್ಲವೆಂದಲ್ಲ. ಅಮೆರಿಕ ದೇಶದಲ್ಲಿ ಸರ್ಕಾರದ ನೆರವು ಪಡೆದ ಬಾಡಿಗೆ ವಠಾರಗಳನ್ನು ಪರೀಕ್ಷಿಸಿ 100ಕ್ಕೆ ಇಷ್ಟೆಂದು ಅಂಕ ಹಾಕುತ್ತಾರೆ. ಕಂಡ ದೋಷಗಳಿಗೆಲ್ಲ ಅಂಕ ಕಳೆಯುತ್ತಾರೆ. ಪ್ರಾಣಾಪಾಯದ ದೋಷಕ್ಕೆ ಹೆಚ್ಚು, ಸಣ್ಣ ದೋಷಕ್ಕೆ ಕಡಿಮೆ. 60ಕ್ಕಿಂತ ಕೆಳಗೆ ಬಂದರೆ ವಠಾರದ ಮಾಲೀಕ ನಪಾಸಾದಂತೆ. ಅಲ್ಲಿ ಪರೀಕ್ಷೆ ಕಟ್ಟಡಕ್ಕೆ, ಹೊಣೆ ಮಾಲೀಕನಿಗೆ. ನಮ್ಮ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯ ಲೆಕ್ಕ ಹಾಗಲ್ಲ. ಇಲ್ಲಿ ಮನೆಯನ್ನು ನೋಡುವುದು ಒಂದು ಕೆಲಸಕ್ಕೆ, ಮಾರ್ಕು ಹಾಕುವುದು ಇನ್ನೊಂದಕ್ಕೆ. ಈ ಎರಡನ್ನೂ ಬೆರೆಸಿಕೊಂಡದ್ದರಿಂದಲೇ ಇಷ್ಟೆಲ್ಲ ಗೊಂದಲ.

ಈ ಯೋಜನೆ 2016ರ ಏಪ್ರಿಲ್ 1ರಿಂದ ಇಂದಿರಾ ಆವಾಸ್ ಯೋಜನೆಯ ಸ್ಥಾನದಲ್ಲಿ ಬಂತು. ಬಡತನದ ರೇಖೆಯ ಹಳೆಯ ಪಟ್ಟಿಯನ್ನು ಬಿಟ್ಟು, 2011ರ ಸಾಮಾಜಿಕ ಆರ್ಥಿಕ ಮತ್ತು ಜಾತಿ ಗಣತಿಯಲ್ಲಿ ಬರೆದುಕೊಂಡ ವಿವರಗಳನ್ನು ಆಧಾರವಾಗಿಟ್ಟುಕೊಂಡರು. ಅದರಲ್ಲಿ ಬಿಟ್ಟುಹೋದವರಿಗಾಗಿ 2018ರಲ್ಲಿ ಆವಾಸ್ ಪ್ಲಸ್ ಎಂಬ ಸಮೀಕ್ಷೆ ಆಯಿತು. 2024ರಲ್ಲಿ ಮತ್ತೊಂದನ್ನು ಆರಂಭಿಸಿದರು. ಸಮೀಕ್ಷೆ ಬೇರೆ ಬೇರೆಯಾದರೂ ಸಾಲು ಹಿಡಿಸುವ ಕ್ರಮವನ್ನು 2016ರ ಮಾರ್ಗಸೂಚಿಯಿಂದಲೇ ಅರಿತುಕೊಳ್ಳಬೇಕು. ಅದನ್ನೇ ಈಗ ಹೇಳುತ್ತೇನೆ.

ಬಿತ್ತನೆ ಬೀಜವನ್ನು ನಾವು ಮೊದಲು ಜರಡಿ ಹಿಡಿಯುತ್ತೇವೆ, ಆಮೇಲೆ ಗಾತ್ರ ನೋಡಿ ಬೇರ್ಪಡಿಸುತ್ತೇವೆ. ಇಲ್ಲಿಯೂ ಹಾಗೆಯೇ. ಮೊದಲನೆಯ ಜರಡಿ ಗೋಡೆ ಮತ್ತು ಚಾವಣಿಯದು. ಗೋಡೆ ಪಕ್ಕಾ ಆಗಿದ್ದರೂ, ಚಾವಣಿ ಪಕ್ಕಾ ಆಗಿದ್ದರೂ, ಅಥವಾ ಎರಡಕ್ಕಿಂತ ಹೆಚ್ಚು ಕೋಣೆಗಳಿದ್ದರೂ ಆ ಮನೆಯವರು ಪಟ್ಟಿಯಿಂದ ಹೊರಗೆ. ಪಕ್ಕಾ ಎಂದರೆ ಯಾವುದು? 2011ರ ಗಣತಿಯ ನಮೂನೆಯಲ್ಲಿ ಮಣ್ಣಿನ ಗೋಡೆ, ಸುಡದ ಇಟ್ಟಿಗೆಯ ಗೋಡೆ, ಬಿದಿರಿನ ತಟ್ಟಿ, ಗಾರೆಯಿಲ್ಲದೆ ಪೇರಿಸಿದ ಕಲ್ಲು ಇವೆಲ್ಲ ಕಚ್ಚಾ. ಸುಟ್ಟ ಇಟ್ಟಿಗೆ, ಗಾರೆ ಹಾಕಿ ಕಟ್ಟಿದ ಕಲ್ಲು, ಕಾಂಕ್ರೀಟು ಪಕ್ಕಾ. ಚಾವಣಿಯಲ್ಲಿ ಹುಲ್ಲು, ಸೋಗೆ, ಪ್ಲಾಸ್ಟಿಕ್ ಹಾಳೆ, ಕೈಯಿಂದ ಮಾಡಿದ ನಾಡಹೆಂಚು ಕಚ್ಚಾ. ಯಂತ್ರದಲ್ಲಿ ಮಾಡಿದ ಹೆಂಚು, ಎಂದರೆ ನಾವು ಮಂಗಳೂರು ಹೆಂಚೆನ್ನುವುದು, ಪಕ್ಕಾ. ತಗಡೂ ಪಕ್ಕಾ, ಸಿಮೆಂಟು ಶೀಟೂ ಪಕ್ಕಾ.

ಈ ತಗಡಿನ ಮಾತಿಗೆ ನಮ್ಮ ಊರುಗಳಲ್ಲಿ ತಕರಾರು ಹೆಚ್ಚು. ಸೋಗೆ ಸೋರುತ್ತದೆಂದು ಸಾಲ ಮಾಡಿ ತಗಡು ಹೊದಿಸಿದವನು ಮನೆಯ ಪಟ್ಟಿಯಿಂದ ಹೊರಬಿದ್ದ. ಸೋರುವ ಸೋಗೆಯಡಿ ಕುಳಿತವನು ಒಳಗುಳಿದ. ಬೇಸಿಗೆಯಲ್ಲಿ ತಗಡಿನ ಕೆಳಗೆ ಒಂದು ಮಧ್ಯಾಹ್ನ ಕಳೆದವರು ಅದನ್ನು ಪಕ್ಕಾ ಮನೆಯೆಂದು ಒಪ್ಪಲಾರರೆಂಬುದು ನನ್ನ ಸ್ವಂತ ಅಭಿಪ್ರಾಯ. ಆದರೆ ಮನೆ ನೋಡಲು ಬಂದವನಿಗೆ ಅಭಿಪ್ರಾಯ ಬರೆಯಲು ಕಾಲಂ ಇರುವುದಿಲ್ಲ.

ಎರಡನೆಯ ಜರಡಿ ಆಸ್ತಿ ಆದಾಯಗಳದು. ಮನೆಯಲ್ಲಿ ಸರ್ಕಾರಿ ನೌಕರರಿದ್ದರೆ, ಆದಾಯ ತೆರಿಗೆ ಕಟ್ಟುವವರಿದ್ದರೆ, ಮೂರು ಅಥವಾ ನಾಲ್ಕು ಚಕ್ರದ ವಾಹನವಿದ್ದರೆ ಪಟ್ಟಿಯಲ್ಲಿ ಸ್ಥಾನವಿಲ್ಲ. ಇಂಥವು 2016ರಲ್ಲಿ ಒಟ್ಟು 13 ಇದ್ದವು. 2024ರಲ್ಲಿ ಅವನ್ನು 10ಕ್ಕೆ ಇಳಿಸಿದರು. ಮೊದಲು ಮೋಟಾರು ಬೈಕು ಇದ್ದರೆ, ತಂಗಳು ಪೆಟ್ಟಿಗೆ ಎಂದರೆ ಫ್ರಿಜ್ಜು ಇದ್ದರೆ ಹೊರಗೆ ಹಾಕುತ್ತಿದ್ದರು. 2024ರಲ್ಲಿ ಅದನ್ನು ಕೈಬಿಟ್ಟರು. ಮನೆಯ ಒಬ್ಬ ಸದಸ್ಯನ ತಿಂಗಳ ಆದಾಯದ ಮಿತಿಯನ್ನು 10,000 ರೂಪಾಯಿಯಿಂದ 15,000ಕ್ಕೆ ಏರಿಸಿದರು. ಹಳೆಯ ಬೈಕೊಂದಿದೆಯೆಂದು ಹೆದರಿ ಸುಮ್ಮನೆ ಕುಳಿತವರಿದ್ದರೆ ಈಗ ಎದ್ದು ಕೇಳಬಹುದು.

ಜರಡಿಯಲ್ಲಿ ಉಳಿದವರನ್ನು ಆಮೇಲೆ ಗುಂಪು ಮಾಡುತ್ತಾರೆ. ನೀವು ಮುಖ್ಯವಾಗಿ ಗಮನಿಸಬೇಕಾದದ್ದು ಇಲ್ಲಿಯೇ. ಮನೆಯೇ ಇಲ್ಲದವರು ಮೊದಲು. ಅವರ ಹಿಂದೆ ತಮಗೆಂದೇ ಒಂದು ಕೋಣೆಯೂ ಇಲ್ಲದವರು. ಇದನ್ನು ಸೊನ್ನೆ ಕೋಣೆಯವರು ಎನ್ನುತ್ತಾರೆ. ಬಳಿಕ ಒಂದು ಕೋಣೆಯ ಕಚ್ಚಾ ಮನೆಯವರು, ಕೊನೆಗೆ ಎರಡು ಕೋಣೆಯ ಕಚ್ಚಾ ಮನೆಯವರು. ಮೇಲಿನ ಗುಂಪಿನವರೆಲ್ಲ ಮುಗಿದ ಮೇಲೆಯೇ ಕೆಳಗಿನ ಗುಂಪಿನ ಮೊದಲನೆಯವನ ಸರದಿ.

ಇಷ್ಟಾದ ಮೇಲೆ ನಿಮ್ಮ ಮಾರ್ಕಿನ ಮಾತು. ಪ್ರತಿಯೊಂದು ಗುಂಪಿನ ಒಳಗೆ ಕೆಲವರನ್ನು ಮಾರ್ಕು ನೋಡುವ ಮೊದಲೇ ಮುಂದಕ್ಕೆ ತರುತ್ತಾರೆ: ಭಿಕ್ಷೆಯಿಂದ ಜೀವಿಸುವ ನಿರ್ಗತಿಕರು, ಮಲ ಹೊರುವ ಕೆಲಸಕ್ಕೆ ಸಿಕ್ಕಿಬಿದ್ದಿದ್ದವರು, ಕಾನೂನಿನಂತೆ ಬಿಡುಗಡೆ ಹೊಂದಿದ ಜೀತದಾಳುಗಳು, ಅತಿ ಹಿಂದುಳಿದ ಬುಡಕಟ್ಟಿನವರು. ಉಳಿದವರನ್ನು ಐದು ಪ್ರಶ್ನೆಗಳಿಂದ ಅಳೆಯುತ್ತಾರೆ. ಮನೆಯಲ್ಲಿ 16ರಿಂದ 59 ವರ್ಷದೊಳಗಿನ ವಯಸ್ಕರು ಯಾರೂ ಇಲ್ಲವೇ? ಹೆಂಗಸೇ ಯಜಮಾನಿಯಾಗಿದ್ದು ಆ ವಯಸ್ಸಿನ ಗಂಡಸರು ಇಲ್ಲವೇ? 25 ವರ್ಷ ಮೀರಿದವರಲ್ಲಿ ಓದು ಬರಹ ಬಲ್ಲವರು ಒಬ್ಬರೂ ಇಲ್ಲವೇ? ಅಂಗವಿಕಲರೊಬ್ಬರಿದ್ದು ದುಡಿಯಬಲ್ಲ ಗಟ್ಟಿ ಆಳು ಇಲ್ಲವೇ? ಭೂಮಿಯಿಲ್ಲದೆ ಕೂಲಿಯೇ ಮುಖ್ಯ ಜೀವನವೇ? ಹೌದು ಎಂದ ಪ್ರತಿಯೊಂದಕ್ಕೂ ಒಂದು ಮಾರ್ಕು. ಎಲ್ಲಕ್ಕೂ ಸಮ ತೂಕ. ಐದಕ್ಕೆ ಐದು ಬಂದವನು ಕಷ್ಟದಲ್ಲಿ ಮೊದಲಿಗ. ಶಾಲೆಯ ಮಾರ್ಕಿನಂತೆ ಇದು ಹೆಮ್ಮೆಯ ಸಂಗತಿಯಲ್ಲ.

ನೋಡಿ, ಸುಣ್ಣಕ್ಕೆ ಮಾರ್ಕಿಲ್ಲ, ಬಿರುಕಿಗೆ ಮಾರ್ಕಿಲ್ಲ, ಗಲೀಜಿಗೂ ಇಲ್ಲ. ಜಾತಿಗೂ ಇಲ್ಲಿ ಮಾರ್ಕಿಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಲ್ಪಸಂಖ್ಯಾತರಿಗೆ, ಇತರರಿಗೆ ಪಟ್ಟಿಗಳೇ ಬೇರೆ. ಆದುದರಿಂದ ನಿಮ್ಮ ಸ್ಥಾನವನ್ನು ನಿಮ್ಮದೇ ಪಟ್ಟಿಯೊಳಗೆ ಹೋಲಿಸಿ ನೋಡಿರಿ. ಬೇರೆ ಪಟ್ಟಿಯ ಸಂಖ್ಯೆಯನ್ನು ಹಿಡಿದು ಪಕ್ಕದ ಕೇರಿಯವರ ಮೇಲೆ ಜಗಳಕ್ಕೆ ಹೋಗುವುದರಲ್ಲಿ ಅರ್ಥವಿಲ್ಲ.

ಒಂದು ಲೆಕ್ಕ ಮಾಡೋಣ. ಒಂದೇ ಪಟ್ಟಿಯಲ್ಲಿ ಮೂರು ಮನೆಗಳಿವೆಯೆನ್ನಿ. ಮೊದಲನೆಯದು 64 ವರ್ಷದ ಒಬ್ಬ ಅಜ್ಜಿಯದು. ಜೊತೆಗಿರುವವನು 14 ವರ್ಷದ ಮೊಮ್ಮಗ. ಮಣ್ಣಿನ ಗೋಡೆ, ನಾಡಹೆಂಚು, ಒಂದು ಕೋಣೆ. 16ರಿಂದ 59ರ ವಯಸ್ಕರಿಲ್ಲ, ಒಂದು. ಹೆಂಗಸೇ ಯಜಮಾನಿ, ಎರಡು. ಅಜ್ಜಿಗೆ ಓದು ಬಾರದು, ಮೂರು. ತುಂಡು ಭೂಮಿ ಇರುವುದರಿಂದ ಐದನೆಯ ಮಾರ್ಕು ಸಿಗುವುದಿಲ್ಲ. ಒಟ್ಟು 3. ಎರಡನೆಯ ಮನೆಯವರು ಪ್ರಾಯದ ಗಂಡ ಹೆಂಡತಿ. ಇಬ್ಬರಿಗೂ ಅಕ್ಷರ ಬರುತ್ತದೆ, ಎಕರೆ ಖುಷ್ಕಿ ಇದೆ, ಮನೆ ಒಂದು ಕೋಣೆಯ ಗುಡಿಸಲು. ಅವರಿಗೆ ಸೊನ್ನೆ. ಮೂರನೆಯ ಮನೆಯ ಯಜಮಾನನಿಗೆ ಕಾಲಿಲ್ಲ, ಗಟ್ಟಿ ಆಳು ಮತ್ತೊಬ್ಬರಿಲ್ಲ, ಭೂಮಿಯಿಲ್ಲ, ಓದಿದವರಿಲ್ಲ. ಅವರಿಗೂ 3, ಆದರೆ ಕೋಣೆ ಎರಡು.

ಈಗ ಸಾಲು ಹೇಗೆ? ಅಜ್ಜಿ ಮೊದಲು. ಎರಡನೆಯವರು ಸೊನ್ನೆ ಮಾರ್ಕಿನ ಗಂಡ ಹೆಂಡತಿ. 3 ಮಾರ್ಕಿನ ಕಾಲಿಲ್ಲದ ಯಜಮಾನ ಅವರ ಹಿಂದೆ, ಏಕೆಂದರೆ ಅವರ ಗುಂಪೇ ಬೇರೆ. ಇದು ಸರಿಯೇ ಎಂದು ನೀವು ಕೇಳಬಹುದು; ನನಗೂ ಪೂರ್ತಿ ಸಮಾಧಾನವಿಲ್ಲ. ಆದರೆ ಕ್ರಮ ಇರುವುದು ಹಾಗೆ. ಮೊದಲು ಕೋಣೆ, ಆಮೇಲೆ ಮಾರ್ಕು.

ಆ ಅಜ್ಜಿಯ ಮನೆ ಕಲ್ಪನೆಯದಲ್ಲ. ಸಮೀಕ್ಷೆಯಲ್ಲಿ ಆ ಮನೆಯನ್ನು ನೋಡಲು ಹೋದವನು ನಾನೇ. ಮನೆಯ ಹಿಂಬದಿಗೆ ಇಳಿಜಾರಾಗಿ ಮಾಡು ಇಳಿಸಿ, ಎರಡು ಮೇಕೆ ಕಟ್ಟಿ ಸೌದೆ ಒಟ್ಟಿದ್ದರು. ಗೋಡೆ ಇತ್ತು, ಬಾಗಿಲೂ ಇತ್ತು. ಹೊರಗೆ ಬಿಸಿಲು, ಇನ್ನೂ ಹನ್ನೊಂದು ಮನೆ ನೋಡುವುದಿತ್ತು. ನಾನು ಬಾಗಿಲಲ್ಲಿ ಇಣುಕಿ ಎರಡು ಕೋಣೆ ಎಂದು ಬರೆದೆ. ಅಜ್ಜಿ, “ಮಜ್ಜಿಗೆ ಕುಡಿದು ಹೋಗು ಮಗ” ಎಂದರು, ಕುಡಿದು ಬಂದೆ.

ಕೋಣೆ ಎಂದು ಎಣಿಸಲು ಜನಗಣತಿಯವರ ಅಳತೆ ಇದೆ. ಉದ್ದ 2 ಮೀಟರಿಗೆ ಕಡಿಮೆಯಿರಬಾರದು, ಅಗಲ ಒಂದೂವರೆ ಮೀಟರು, ಎತ್ತರ 2 ಮೀಟರು. ನಮ್ಮ ಲೆಕ್ಕದಲ್ಲಿ ಸುಮಾರು ಆರೂವರೆ ಅಡಿ ಉದ್ದ, ಐದು ಅಡಿ ಅಗಲ, ಆರೂವರೆ ಅಡಿ ಎತ್ತರ. ಒಬ್ಬ ಮನುಷ್ಯ ಕಾಲು ಚಾಚಿ ಮಲಗುವಂತಿರಬೇಕು. ವಾಸಕ್ಕೆ ಬಾರದ ಅಡಿಗೆ ಮನೆ, ಬಚ್ಚಲು, ಕಕ್ಕಸು, ಉಗ್ರಾಣ, ಓಣಿ, ಜಗಲಿ ಇವು ಲೆಕ್ಕಕ್ಕಿಲ್ಲ. ಅಡಿಗೆ ಮಾಡುವ ಕೋಣೆಯಲ್ಲೇ ಮಲಗುವುದೂ ಇದ್ದರೆ ಅದು ಲೆಕ್ಕಕ್ಕಿದೆ. ಅಜ್ಜಿಯ ಮಾಡಿನೊಳಗೆ ಸೌದೆಯೂ ಮೇಕೆಯೂ ಬಿಟ್ಟರೆ ಮನುಷ್ಯರು ಮಲಗಿದ್ದೇ ಇಲ್ಲ; ಒಳಗೆ ನಾನು ನೆಟ್ಟಗೆ ನಿಂತುಕೊಳ್ಳಲೂ ಆಗುತ್ತಿರಲಿಲ್ಲವೆಂಬುದು ಮೊನ್ನೆ ಟೇಪು ಹಿಡಿದು ಮತ್ತೆ ಹೋದಾಗ ತಿಳಿಯಿತು. ಮಾಡಿನ ಎತ್ತರದ ತುದಿ ಐದು ಅಡಿ ಎರಡು ಅಂಗುಲ.

ಮಾರ್ಕು 3 ಇದ್ದದ್ದು 3 ಆಗಿಯೇ ಇದೆ. ಆದರೆ ನನ್ನ ಒಂದು ಅಂಕಿಯಿಂದ ಅಜ್ಜಿ ಎರಡು ಕೋಣೆಯವರ ಗುಂಪಿಗೆ ಬಿದ್ದು, ಒಂದು ಕೋಣೆಯವರೆಲ್ಲರ ಹಿಂದೆ ನಿಂತಿದ್ದಾರೆ. ಮನೆಗಳು ಬರುವುದು ಆಯಾ ವರ್ಷದ ಗುರಿಯಷ್ಟು. ಹಿಂದೆ ನಿಂತವರ ಸರದಿ ಬರುವುದಕ್ಕೆ ವರ್ಷಗಳೇ ಹಿಡಿಯಬಹುದು, ಅಜ್ಜಿಗೆ ಈಗಲೇ 64. ಹೋಗಿ ಹೇಳಿದಾಗ ಅವರು ಬೈಯಲಿಲ್ಲ. “ನಿನಗೂ ಕೆಲಸ ಹೆಚ್ಚು ಬಿಡಪ್ಪ” ಎಂದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಇದನ್ನು ಸರಿಪಡಿಸುವ ದಾರಿ ಇದೆ. ಪಟ್ಟಿ ಗ್ರಾಮಸಭೆಯ ಮುಂದೆ ಬರತಕ್ಕದ್ದು. ತಪ್ಪು ವಿವರದಿಂದ ಒಳಗೆ ಬಂದವರನ್ನು ತೆಗೆಯಲು, ಸಮ ಮಾರ್ಕಿನವರಲ್ಲಿ ಯಾರು ಮೊದಲೆಂದು ನಿರ್ಣಯಿಸಲು, ಬಿಟ್ಟುಹೋದ ಅರ್ಹರ ಹೆಸರುಗಳನ್ನು ಬೇರೆಯಾಗಿ ಬರೆಸಲು ಸಭೆಗೆ ಅಧಿಕಾರವಿದೆ. ಸಮ ಮಾರ್ಕಿನವರಲ್ಲಿ ಯುದ್ಧದಲ್ಲಿ ಮಡಿದ ಯೋಧರ ವಿಧವೆಯರು, ಕುಷ್ಠ ಅಥವಾ ಕ್ಯಾನ್ಸರ್ ರೋಗಿಗಳಿರುವ ಮನೆಯವರು, ಒಬ್ಬಳೇ ಹೆಣ್ಣುಮಗು ಇರುವವರು ಮುಂತಾದವರಿಗೆ ಪ್ರಾಶಸ್ತ್ಯ ಕೊಡಬೇಕೆಂದಿದೆ. ಆಕ್ಷೇಪಣೆ ಮಾಡುವವರು ಅದನ್ನು ನಡವಳಿಯ ಪುಸ್ತಕದಲ್ಲಿ ಬರೆಸಲೇಬೇಕು. ಬಾಯಿಮಾತಿನ ಆಕ್ಷೇಪಣೆ ಸಭೆ ಮುಗಿದೊಡನೆ ಗಾಳಿಗೆ ಹೋಗುತ್ತದೆ. ಅಲ್ಲಿ ಪರಿಹಾರ ಸಿಗದಿದ್ದರೆ ಜಿಲ್ಲಾ ಮಟ್ಟದ ಮೇಲ್ಮನವಿ ಸಮಿತಿಗೆ ಅರ್ಜಿ ಕೊಡಬಹುದು. ನಡವಳಿಯ ನಕಲು ಆಗ ಕೆಲಸಕ್ಕೆ ಬರುತ್ತದೆ.

ಇನ್ನೊಂದು ಮಾತು. ಮಾರ್ಕು ಹೆಚ್ಚು ಮಾಡಿಸಿಕೊಡುತ್ತೇನೆಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಐದು ಪ್ರಶ್ನೆಗಳಿಗೆ ಉತ್ತರ ನಿಮ್ಮ ಮನೆಯಲ್ಲೇ ಇದೆ, ಬೆರಳೆಣಿಸಿ ನೀವೇ ಲೆಕ್ಕ ಹಾಕಬಹುದು. ದುಡ್ಡು ತೆಗೆದುಕೊಂಡವನು ನಿಮ್ಮ ವಯಸ್ಸನ್ನು ಹೆಚ್ಚಿಸಲಾರ.

ನಮ್ಮ ಗ್ರಾಮಸಭೆ ಈ ತಿಂಗಳ ಕೊನೆಯ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಶಾಲೆಯ ಅಂಗಳದಲ್ಲಿ ಸೇರುತ್ತದೆ. ಹೆಂಗಸರು ತಪ್ಪದೆ ಬರಬೇಕು. ಯಾವ ಕೋಣೆಯಲ್ಲಿ ಯಾರು ಮಲಗುತ್ತಾರೆಂಬುದು ಗಂಡಸರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಅದಕ್ಕೆ ಹಿಂದಿನ ಎರಡು ಸಂಜೆ ನಾನು ಪಂಚಾಯ್ತಿ ಕಟ್ಟೆಯ ಮೇಲೆ ಕುಳಿತು ಪಟ್ಟಿಯನ್ನು ಗಟ್ಟಿಯಾಗಿ ಓದುತ್ತೇನೆ. ನಿಮ್ಮ ಹೆಸರಿನ ಮುಂದೆ ಕೋಣೆ ಎಷ್ಟು, ಗೋಡೆ ಯಾವುದು, ಚಾವಣಿ ಯಾವುದು ಎಂದು ಬರೆದಿದೆಯೋ ಕೇಳಿಕೊಳ್ಳಿ. ಅನುಮಾನ ಬಂದವರ ಮನೆಗೆ ಅಂದೇ ಟೇಪು ತರುತ್ತೇನೆ. ಸೋಮವಾರದ ಸಭೆಯಲ್ಲಿ ಮೊದಲನೆಯ ಆಕ್ಷೇಪಣೆ ಬರೆಸತಕ್ಕವನು ನಾನು. ಅದು ನನ್ನದೇ ಬರಹದ ಮೇಲೆ. ಅಜ್ಜಿಯನ್ನು ಕರೆತರುವುದಾಗಿ ಮೊಮ್ಮಗ ಹೇಳಿದ್ದಾನೆ.